ಮೊದಲು ಪೌತಿ, ಆಮೇಲೆ ಕೋಣೆ

ಪ್ರಶ್ನೆ: ನನಗೆ 44 ವರ್ಷ, ಹೈಸ್ಕೂಲ್ ಮೇಷ್ಟ್ರು. ಅಪ್ಪ ತೀರಿಕೊಂಡು ಮೂರು ವರ್ಷವಾಯಿತು. ಊರಿನ ನಾಲ್ಕು ಎಕರೆ ಇನ್ನೂ ಅವರ ಹೆಸರಲ್ಲೇ ಇದೆ. ವಾರಸುದಾರರ ಹೆಸರಿಗೆ ಬದಲಾಯಿಸುವ ಪೌತಿ ಖಾತೆ ಮಾಡಿಸಬೇಕು, ಆದರೆ ಕಾಗದಗಳೆಲ್ಲ ಅಪ್ಪನ ಕೋಣೆಯಲ್ಲಿವೆ. ಅಲ್ಲಿ ಕಾಲಿಡಲು ಜಾಗವಿಲ್ಲ. ಗೊಬ್ಬರದ ರಸೀದಿ, ಸೊಸೈಟಿ ಪಾಸ್‌ಬುಕ್, ಹಳೇ ಪಂಚಾಂಗ, ಲಗ್ನಪತ್ರಿಕೆ, ಜೊತೆಗೆ ಈ ಮೂರು ವರ್ಷದಲ್ಲಿ ನಾವೇ ತುರುಕಿದ ಸಾಮಾನು. ಪ್ರತಿ ಭಾನುವಾರ ಕ್ಲೀನ್ ಮಾಡೋಣ ಅಂತ ಒಳಗೆ ಹೋಗುತ್ತೇನೆ. ಒಂದು ಕಟ್ಟು ಬಿಚ್ಚಿ ಓದುತ್ತಾ ಕೂರುತ್ತೇನೆ. ಊಟಕ್ಕೆ ಕರೆದಾಗ ಬಾಗಿಲು ಹಾಕಿಕೊಂಡು ಬರುತ್ತೇನೆ. ‘ಅಣ್ಣ, ಎಲ್ಲಿಗೆ ಬಂತು?’ ಅಂತ ತಂಗಿ ಫೋನ್ ಮಾಡುತ್ತಲೇ ಇದ್ದಾಳೆ. ಹೆಂಡತಿ ‘ಸೋಮಾರಿ’ ಅನ್ನುತ್ತಾಳೆ. ನಿಜವಾ?
– ಹೆಸರು ಬೇಡ, ದಾವಣಗೆರೆ ಜಿಲ್ಲೆ

ಉತ್ತರ: ಸೋಮಾರಿಗಳು ಪ್ರತಿ ಭಾನುವಾರ ಆ ಕೋಣೆಗೆ ಹೋಗುವುದಿಲ್ಲ ಮೇಷ್ಟ್ರೇ. ಉಂಡು ಮಲಗುತ್ತಾರೆ.

ನೀವು ಮಾಡಿದ್ದು ಇಷ್ಟೇ: ಎರಡು ಕೆಲಸಕ್ಕೆ ಗಂಟು ಹಾಕಿದಿರಿ. ಕೋಣೆ ಚೊಕ್ಕವಾಗದೆ ಪೌತಿ ಇಲ್ಲ ಅಂದುಕೊಂಡಿರಿ. ಕೋಣೆಯೋ ಮುಗಿಯುವ ಕೆಲಸವೇ ಅಲ್ಲ. ಅಲ್ಲಿಗೆ ಪೌತಿಯೂ ನಿಂತಿತು. ಅದು ನಿಂತ ಬೇಜಾರಿಗೆ ಕೋಣೆ ಚೊಕ್ಕ ಮಾಡುವ ಮನಸ್ಸೂ ಬರುವುದಿಲ್ಲ. ಸಾಮಾನು ಮಾತ್ರ ಬಂದು ಬೀಳುತ್ತಲೇ ಇದೆ.

ರಾಶಿ ಬೆಳೆಯುವುದೇ ಹೀಗೆ. ಇಡಲೋ ಬಿಸಾಡಲೋ ಗೊತ್ತಾಗದೆ ‘ಇರ್ಲಿ ಬಿಡು’ ಅಂದದ್ದೆಲ್ಲ ಮೂಲೆ ಸೇರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೋಸೆಫ್ ಫೆರಾರಿ ಕೆಲಸ ಮುಂದೂಡುವವರ ಬಗ್ಗೆಯೇ ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಮನೆಯೊಳಗಿನ ರಾಶಿಗೂ ಮುಂದೂಡುವ ಸ್ವಭಾವಕ್ಕೂ ನಂಟಿದೆ ಅಂತ ಅವರೂ ಜೊತೆಗಾರರೂ 2018ರಲ್ಲಿ ಬರೆದರು. ನನಗೆ ಅದು ಹೊಸ ಸುದ್ದಿಯೇನಲ್ಲ. ನಮ್ಮ ಅಟ್ಟದ ಮೇಲೆ ಒಂದು ಮಿಕ್ಸಿಯ ಡಬ್ಬ ಇದೆ. ಮಿಕ್ಸಿ ಕೆಟ್ಟು ಗುಜರಿಗೆ ಹೋಗಿ ಎಷ್ಟೋ ವರ್ಷವಾಯಿತು.

ನಿಮ್ಮ ಕೋಣೆ ಮಿಕ್ಸಿ ಡಬ್ಬದಷ್ಟು ಸುಲಭದ್ದಲ್ಲ, ಗೊತ್ತು. ಗೊಬ್ಬರದ ರಸೀದಿಯ ಬೆನ್ನಿಗೆ ಅಪ್ಪ ಕೂಲಿ ಲೆಕ್ಕ ಬರೆದಿಟ್ಟಿರುತ್ತಾರೆ. ಅದನ್ನು ಹರಿಯಲು ಕೈ ಬರುವುದಿಲ್ಲ. ಹಾಗಾಗಿ ಸದ್ಯಕ್ಕೆ ಹರಿಯಬೇಡಿ. ಬಾಗಿಲು ಹಾಕಿ.

ಒಂದು ವಿಷಯ ನೀವು ಗಮನಿಸಿಲ್ಲ ಅನ್ನಿಸುತ್ತದೆ. ಪೌತಿಗೆ ಬೇಕಾದದ್ದು ಹೆಚ್ಚಿನದು ಆ ಕೋಣೆಯಲ್ಲಿ ಇಲ್ಲವೇ ಇಲ್ಲ! ಜಮೀನಿನ ದಾಖಲೆ ಪಹಣಿಯನ್ನು ಸರ್ಕಾರದ ‘ಭೂಮಿ’ ವೆಬ್‌ಸೈಟಿನಲ್ಲೋ ನಾಡಕಚೇರಿಯಲ್ಲೋ ಹೊಸದಾಗಿ ತೆಗೆಸಬಹುದು. ಅಪ್ಪನ ಮರಣ ಪ್ರಮಾಣಪತ್ರ ಸಿಗದಿದ್ದರೆ, ಮರಣ ನೋಂದಣಿಯಾದ ಕಡೆ ಇನ್ನೊಂದು ಪ್ರತಿ ಕೊಡುತ್ತಾರೆ. ವಂಶವೃಕ್ಷಕ್ಕೆ ಹೊಸದಾಗಿಯೇ ಅರ್ಜಿ ಹಾಕಬೇಕು. ಅದಕ್ಕೆ ಅಫಿಡವಿಟ್ಟು, ಮನೆಯವರ ಆಧಾರ್ ಬೇಕು. ಅವೆಲ್ಲ ನಿಮ್ಮ ಜೇಬಿನಲ್ಲೂ ಬೀರುವಿನಲ್ಲೂ ಇರುವಂಥವು. ಹಳೇ ಕ್ರಯಪತ್ರ ಕಳೆದೇಹೋಗಿದೆ ಅಂತಿಟ್ಟುಕೊಳ್ಳಿ, ಅದರ ದೃಢೀಕೃತ ನಕಲು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಿಗುತ್ತದೆ. ಮೂರು ವರ್ಷದಿಂದ ನೀವು ಹುಡುಕುತ್ತಿದ್ದೀರಿ ಅಂದುಕೊಂಡದ್ದನ್ನು ಹುಡುಕುವ ಅಗತ್ಯವೇ ಇರಲಿಲ್ಲ. ಆದರೆ ತಡವಾದರೆ ನಷ್ಟ ಇದೆ. ತೀರಿಕೊಂಡವರ ಹೆಸರಲ್ಲಿ ಪಹಣಿ ಇದ್ದರೆ ಬೆಳೆ ಸಾಲಕ್ಕೂ ಬೆಳೆ ಪರಿಹಾರಕ್ಕೂ ಓಡಾಡಿ ಸಾಕಾಗುತ್ತದೆ.

ಇನ್ನೊಂದು ಮಾತು. ಸಿಟ್ಟು ಮಾಡಿಕೊಳ್ಳಬೇಡಿ. ಪೌತಿಯಲ್ಲಿ ತಂಗಿಯ ಹೆಸರೂ ಬರಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದಮೇಲೆ ಪಿತ್ರಾರ್ಜಿತ ಆಸ್ತಿಯಲ್ಲೂ ಮಗಳಿಗೆ ಮಗನಷ್ಟೇ ಪಾಲು. ಅಪ್ಪನ ಸ್ವಂತ ಗಳಿಕೆಯಾಗಿದ್ದು ಉಯಿಲು ಇಲ್ಲದಿದ್ದರೆ ಅದರಲ್ಲೂ ತಂಗಿಗೆ ಸಮಪಾಲು ಮೊದಲಿನಿಂದಲೂ ಇದೆ. ಅಮ್ಮ ಇದ್ದರೆ ಅವರ ಹೆಸರೂ ಸೇರುತ್ತದೆ. ನಿಮ್ಮ ಪತ್ರದಲ್ಲಿ ಕೋಣೆಯ ಬಗ್ಗೆ ಅಷ್ಟೊಂದು ಇದೆ, ಪಾಲಿನ ಬಗ್ಗೆ ಒಂದು ಸಾಲೂ ಇಲ್ಲ. ತಂಗಿಯ ಜೊತೆ ಆ ಮಾತು ಎತ್ತಲು ಸಂಕೋಚವಾಗಿ ಕಾಗದದ ರಾಶಿಯನ್ನು ನೆಪ ಮಾಡಿಕೊಂಡಿದ್ದೀರಾ? ನನ್ನ ಊಹೆ ತಪ್ಪಿದ್ದರೆ ಒಳ್ಳೆಯದೇ ಆಯಿತು. ನಿಜವಾಗಿದ್ದರೆ, ನೀವೇ ಮೊದಲು ಫೋನ್ ಮಾಡಿ. ‘ನಿನ್ನ ಆಧಾರ್ ನಕಲು ಕಳಿಸಮ್ಮ, ಅರ್ಜಿ ಹಾಕ್ತಿದೀನಿ’ ಅಂದರೆ ಸಾಕು. ಮಿಕ್ಕಿದ್ದನ್ನು ಅವರೇ ಮಾತಾಡುತ್ತಾರೆ.

ಕೋಣೆಗೆ ಆತುರವಿಲ್ಲ. ಪೌತಿ ಆದಮೇಲೆ ತಂಗಿಯನ್ನು ಎರಡು ದಿನಕ್ಕೆ ಕರೆಸಿಕೊಳ್ಳಿ. ಒಬ್ಬರೇ ಕೂತರೆ ಮತ್ತೆ ಓದುತ್ತಲೇ ಇರುತ್ತೀರಿ. ಪಾಸ್‌ಬುಕ್, ಬಾಂಡು, ಎಲ್‌ಐಸಿ ಕಾಗದ ಕಂಡರೆ ಬೇರೆ ಚೀಲಕ್ಕೆ ಹಾಕಿ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿಯ ದುಡ್ಡು ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಕೇಳಿದರೆ ವಾಪಸ್ ಸಿಗುತ್ತದೆ, ಆದರೆ ಮತ್ತೊಂದು ಓಡಾಟ. ಲೆಕ್ಕ ಬರೆದ ರಸೀದಿಗಳಲ್ಲಿ ನಾಲ್ಕೈದು ಇಟ್ಟುಕೊಳ್ಳಿ. ಪಂಚಾಂಗಗಳು ರದ್ದಿಗೆ. ಕೋಣೆಗೆ ಹೋದಾಗಲೆಲ್ಲ ಎದೆ ಭಾರವಾಗಿ ನಿದ್ದೆಯೂ ಕೆಡುತ್ತಿದ್ದರೆ ಮಾತ್ರ ಸುಮ್ನೆ ಸಹಿಸಿಕೊಂಡು ಕೂರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ ಒಂದು ಪ್ರಶ್ನೆ ನನ್ನದು. ಮೂರು ವರ್ಷದಿಂದ ಈ ಕೆಲಸಕ್ಕೆ ಭಾನುವಾರವೇ ಯಾಕೆ? ಅವತ್ತು ನಾಡಕಚೇರಿಗೆ ರಜೆ, ಅಲ್ವಾ? ಬುಧವಾರ ಒಂದು ಸಿ.ಎಲ್. ಹಾಕಿ ಹೋಗಿಬನ್ನಿ.