ಅರಿಜೋನಾದಲ್ಲಿ ಮಗಳನ್ನು ಶಾಲೆಗೆ ಸೇರಿಸುತ್ತಿದ್ದೇವೆ. ಅಲ್ಲಿ ಇಂಗ್ಲಿಷ್ ಮಾತ್ರ ಎಂಬ ಕಾನೂನಿದೆಯಂತೆ. ಮನೆಯಲ್ಲಿ ಕನ್ನಡ ನಿಲ್ಲಿಸಬೇಕೇ?

ನಿಲ್ಲಿಸಬೇಡಿ. ನಾನು ನಿಲ್ಲಿಸಿದ್ದೆ.

1999ರಲ್ಲಿ ನಾವು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದೆವು, ಮಗನಿಗೆ ಐದು ವರ್ಷ. ಹಿಂದಿನ ವರ್ಷದ ಜೂನ್‌ನಲ್ಲಷ್ಟೇ ಅಲ್ಲಿನ ಮತದಾರರು ಪ್ರೊಪೊಸಿಷನ್ 227 ಎಂಬ, ನೇರವಾಗಿ ಜನರ ಮತಕ್ಕೇ ಇಟ್ಟ ಕಾನೂನನ್ನು ಶೇ. 61ರಷ್ಟು ಮತ ಹಾಕಿ ಗೆಲ್ಲಿಸಿದ್ದರು. ಅದರ ಪ್ರಕಾರ ಇಂಗ್ಲಿಷ್ ಬಾರದ ಮಕ್ಕಳಿಗೆ ಸಾಮಾನ್ಯವಾಗಿ ಒಂದು ವರ್ಷ ಇಂಗ್ಲಿಷಿನಲ್ಲೇ ವಿಶೇಷ ತರಗತಿ, ಆಮೇಲೆ ಎಲ್ಲರ ಜೊತೆ. ಆ ‘ಒಂದು ವರ್ಷ’ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಹುಡುಗ ಹಿಂದೆ ಬಿದ್ದರೆ?

ನಾನು ಮಾಡಿದ ತಪ್ಪನ್ನು ಸರಿಯಾಗಿ ಕೇಳಿಸಿಕೊಳ್ಳಿ. ಆ ಕಾನೂನು ಟೀಚರು ಯಾವ ಭಾಷೆಯಲ್ಲಿ ಪಾಠ ಮಾಡಬೇಕು ಎಂಬುದಕ್ಕೆ ಇದ್ದದ್ದು. ಅದರ ಪೆಟ್ಟು ಬಿದ್ದದ್ದು ಮುಖ್ಯವಾಗಿ ಸ್ಪ್ಯಾನಿಷ್ ಜೊತೆಗೆ ಕಲಿಸುತ್ತಿದ್ದ ದ್ವಿಭಾಷಾ ತರಗತಿಗಳಿಗೆ. ನಮ್ಮ ಶಾಲೆಯಲ್ಲಿ ಕನ್ನಡದ ತರಗತಿ ಅದಕ್ಕೆ ಮೊದಲೂ ಇರಲಿಲ್ಲ. ಅಂದರೆ ನಮ್ಮ ಪಾಲಿಗೆ ಏನೂ ಬದಲಾಗಿರಲಿಲ್ಲ. ಆ ಕಾನೂನನ್ನು ಅಡುಗೆಮನೆಗೆ ಕರೆತಂದವಳು ನಾನು. ಮಗ ‘ಅಮ್ಮಾ, ನೀರು’ ಅಂದರೆ ಲೋಟವನ್ನು ಕೈಯಲ್ಲೇ ಹಿಡಿದು ‘ವಾಟರ್ ಅಂತ ಹೇಳು’ ಎಂದು ಕಾಯುತ್ತಿದ್ದೆ. ಅಂದ ಮೇಲೇ ಕೊಡುತ್ತಿದ್ದೆ.

ಇಂಗ್ಲಿಷ್ ಬಂತು. ನನ್ನ ಇಂಗ್ಲಿಷಿನಿಂದಲ್ಲ, ಶಾಲೆಯ ಆಟದ ಮೈದಾನದಿಂದ, ಹೇಗಿದ್ದರೂ ಬರುತ್ತಿತ್ತು. ಎರಡು ವರ್ಷದೊಳಗೆ ಕನ್ನಡ ಹೋಯಿತು. ಭಾನುವಾರ ಶಿವಮೊಗ್ಗಕ್ಕೆ ಫೋನ್ ಮಾಡಿದರೆ ನಮ್ಮತ್ತೆ ‘ಊಟ ಆಯ್ತೇನೋ ಪುಟ್ಟಾ?’ ಅನ್ನುತ್ತಿದ್ದರು. ಅವನು ಸುಮ್ಮನೆ ರಿಸೀವರನ್ನು ನನ್ನ ಕಡೆ ಚಾಚುತ್ತಿದ್ದ. ಅವರು ತೀರಿಕೊಳ್ಳುವವರೆಗೂ ಅಜ್ಜಿ ಮೊಮ್ಮಗನ ಮಾತೆಲ್ಲ ನನ್ನ ಬಾಯಿಂದಲೇ ಹಾದುಹೋಯಿತು. 2016ರಲ್ಲಿ ಅದೇ ರಾಜ್ಯದ ಜನ ಪ್ರೊಪೊಸಿಷನ್ 58ಕ್ಕೆ ಮತ ಹಾಕಿ ಆ ಕಟ್ಟುಪಾಡನ್ನು ತೆಗೆದುಹಾಕಿದರು. ಅಷ್ಟರಲ್ಲಿ ನನ್ನ ಮಗನಿಗೆ ಇಪ್ಪತ್ತೆರಡು.

ನಿಮ್ಮ ಅರಿಜೋನಾದ್ದು 2000ದಲ್ಲಿ ಗೆದ್ದ ಪ್ರೊಪೊಸಿಷನ್ 203. ಅದೂ ತರಗತಿಯ ಮಾತೇ, ನಿಮ್ಮ ಮನೆಯದ್ದಲ್ಲ. ಹಾಗಾಗಿ ‘ಕನ್ನಡವೋ ಇಂಗ್ಲಿಷೋ’ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಸೇರಿಸುವಾಗ ಮನೆಮಾತು ಯಾವುದೆಂದು ಕೇಳುವ ಫಾರಂ ಕೊಡುತ್ತಾರೆ. ಹೆದರಿ ಇಂಗ್ಲಿಷ್ ಎಂದು ಬರೆಯಬೇಡಿ, ಕನ್ನಡ ಎಂದೇ ಬರೆಯಿರಿ. ಆಜೆಲಾ ಎಂಬ ಇಂಗ್ಲಿಷ್ ಪರೀಕ್ಷೆ ಕೊಡುತ್ತಾರೆ. ಪಾಸಾದರೆ ಮಾಮೂಲಿ ತರಗತಿ, ಇಲ್ಲದಿದ್ದರೆ ಇಂಗ್ಲಿಷಿಗೆ ಹೆಚ್ಚಿನ ಪಾಠ. ಅದರಲ್ಲಿ ಅವಮಾನವೇನಿಲ್ಲ.

ಮತ್ತೆ, ವಾರಕ್ಕೊಮ್ಮೆಯಾದರೂ ಅವಳ ಅಜ್ಜಿಗೆ ವಿಡಿಯೋ ಕಾಲ್ ಹಚ್ಚಿಕೊಟ್ಟು ನೀವು ಎದ್ದು ಬೇರೆ ಕೋಣೆಗೆ ಹೋಗಿ. ಪಕ್ಕದಲ್ಲಿ ಕೂತರೆ ನನ್ನ ಹಾಗೆ ಅನುವಾದ ಮಾಡಲು ಶುರು ಮಾಡುತ್ತೀರಿ.