ನಿಮ್ಮ ಕೊಯಿಜುಮಿ ಲೇಖನ ವಾಪಸ್ ಕಳಿಸ್ತಿದೀನಿ, ಯಾಕೆ ಅಂದ್ರೆ...

ನಮಸ್ಕಾರ. ಜಪಾನಿನ ಹಾಡುಗಾರ್ತಿ, ನಟಿ ಕೊಯಿಜುಮಿ ಕ್ಯೋಕೊ ಬಗ್ಗೆ ನೀವು ಕಳಿಸಿದ ಲೇಖನ ಪೂರ್ತಿ ಓದ್ದೆ. ನೇರವಾಗಿ ಹೇಳ್ಬಿಡ್ತೀನಿ, ಈಗಿರೋ ಹಾಗೆ ಇದನ್ನ ಹಾಕಕ್ಕಾಗಲ್ಲ. ಆದ್ರೆ 'ವಿಷಾದಿಸುತ್ತೇವೆ' ಅಂತ ಒಂದು ಸಾಲು ಬರ್ದು ಕೈ ತೊಳ್ಕೊಳೋ ಥರದ ಲೇಖನಾನೂ ಅಲ್ಲ ಇದು, ಹಿಡ್ದಿರೋ ವಿಷಯ ಚೆನ್ನಾಗಿದೆ, ಓದಿಕೊಂಡಿದೀರ ಅಂತಾನೂ ಗೊತ್ತಾಗತ್ತೆ, ತಪ್ಪಿರೋದು ಬೇರೆ ಕಡೆ. ಅದಕ್ಕೇ ಇಷ್ಟುದ್ದ ಬರೀತಿದೀನಿ, ಬೇಜಾರು ಮಾಡ್ಕೋಬೇಡಿ.

ನಿಮ್ಮ ಲೇಖನ ಹೇಳೋದು ಇಷ್ಟು: 80ರ ದಶಕದಲ್ಲಿ ಒಬ್ಬ ಹುಡುಗಿ ಐಡಲ್ ಸಿಂಗರ್ (ಏಜೆನ್ಸಿಗಳು ಆರಿಸಿ ತಯಾರು ಮಾಡೋ ಹದಿಹರೆಯದ ತಾರೆ) ಆಗಿ ಮಿಂಚಿದಳು, ಆಮೇಲೆ 'ಐಡಲ್ ಎಂಬ ಪೊರೆಯನ್ನು ಕಳಚಿ' ನಿಜವಾದ ಕಲಾವಿದೆ ಆದಳು, ಪ್ರಶಸ್ತಿಗಳು ಹರಿದು ಬಂದವು. ಪೊರೆ ಕಳಚೋ ಸಾಲು ನಾಲ್ಕು ಕಡೆ ಬಂದಿದೆ. ಶುರುವಿನ ಒಂದು ಪುಟ ಪೂರ್ತಿ ಚೆರ್ರಿ ಹೂವು, ಅದರ ಕ್ಷಣಿಕತೆ, ಫೂಜಿ ಪರ್ವತ. ಅಷ್ಟನ್ನೂ ಹೊಡೆದು ಹಾಕಿ. ಇವ್ರು ಹುಟ್ಟಿದ್ದು 1966ರಲ್ಲಿ, ಕಾನಗಾವಾ ಕಡೆಯ ಅತ್ಸುಗಿಯಲ್ಲಿ, ಟೋಕಿಯೋಗೆ ಟ್ರೈನಲ್ಲಿ ಹೋಗಿ ಬರೋಷ್ಟು ಹತ್ತಿರದ ಊರು. ಅಲ್ಲಿಂದ ಬಂದ ಹುಡುಗಿ ಬಗ್ಗೆ ಬರಿಯೋಕೆ ಫೂಜಿ ಪರ್ವತ ಯಾಕ್ರೀ ಬೇಕು?

ನಾನಾಗಿದ್ರೆ 1983ರ ಹೇರ್‌ಕಟ್‌ನಿಂದ ಶುರು ಮಾಡ್ತಿದ್ದೆ. ನೀವು ಅದನ್ನ ಏಳನೇ ಪುಟದಲ್ಲಿ ಅರ್ಧ ಸಾಲಲ್ಲಿ ಮುಗಿಸಿದೀರ. ಯೋಚ್ನೆ ಮಾಡಿ, 1982ರ ಮಾರ್ಚಲ್ಲಿ ಮೊದಲ ರೆಕಾರ್ಡ್ ಬಂದಾಗ ಇವ್ರ ತಲೆಗೂದಲು ಅಂದ್ರೆ ಆಗಿನ ದೊಡ್ಡ ಐಡಲ್ ಮತ್ಸುದಾ ಸೇಕೊ ಸ್ಟೈಲೇ, ಆಗ ಬರೋ ಹೊಸ ಹುಡುಗೀರೆಲ್ಲ ಅದೇ ಕಟ್, ಅದೇ ಫ್ರಿಲ್ ಡ್ರೆಸ್. ಆ ಮೊದಲ ಹಾಡೂ ಹೊಸದಲ್ಲ, ಬೇರೆಯವರು ಹಾಡಿದ್ದ ಹಳೇ ಹಾಡಿಗೆ ಹೊಸ ಹೆಸರು ಕೊಟ್ಟು ಹಾಡ್ಸಿದ್ದು. ಅಂದ್ರೆ ಕೂದಲು ಇನ್ನೊಬ್ಬರದ್ದು, ಹಾಡೂ ಇನ್ನೊಬ್ಬರದ್ದು. ಮರುವರ್ಷ ತಮ್ಮ ಏಜೆನ್ಸಿ ಆಫೀಸಿನೋರಿಗೆ ಹೇಳದೆ ಕೇಳದೆ ಹೋಗಿ ಕೂದಲು ಗಿಡ್ಡಕ್ಕೆ ಕತ್ತರಿಸ್ಕೊಂಡು ಬಂದ್ರು, ಅಲ್ಲಿಂದಲೇ ಜನ ಇವ್ರನ್ನ ಬೇರೆಯಾಗಿ ಗುರುತು ಹಿಡಿಯಕ್ಕೆ ಶುರು ಮಾಡಿದ್ದು, 1984ರಲ್ಲಿ ಜಪಾನಿನ ರೆಕಾರ್ಡ್ ಮಾರಾಟ ಲೆಕ್ಕ ಹಾಕೋ ಒರಿಕಾನ್ ಚಾರ್ಟಲ್ಲಿ ನಂಬರ್ 1ಕ್ಕೆ ಬಂದ್ರು. ಇಷ್ಟು ಹೇಳಿದ್ರೆ ಸಾಕು, ಓದೋನು ಕೂತ್ಕೊಂಡು ಓದ್ತಾನೆ.

ಆದ್ರೆ ಈ ಹೇರ್‌ಕಟ್ ಯಾಕೆ ಅಷ್ಟು ದೊಡ್ಡ ವಿಷಯ ಅಂತ ಗೊತ್ತಾಗ್ಬೇಕು ಅಂದ್ರೆ ಆ ವ್ಯವಸ್ಥೆ ಹೇಗೆ ನಡೀತಿತ್ತು ಅಂತ ಹೇಳ್ಬೇಕು, ಅದನ್ನ ನೀವು ಹೇಳೇ ಇಲ್ಲ. ನಮ್ಮ ಓದುಗರಿಗೆ ಐಡಲ್ ಅಂದ್ರೆ ಚೆಂದದ ಹುಡುಗಿ, ಹಾಡ್ತಾಳೆ ಕುಣೀತಾಳೆ ಅನ್ನೋಷ್ಟೇ ಗೊತ್ತು. ನಿಪ್ಪಾನ್ ಟೀವಿಯಲ್ಲಿ 'ಸ್ಟಾರ್ ತಾಂಜೋ' ಅಂತ ಒಂದು ಪ್ರೋಗ್ರಾಂ ಬರ್ತಿತ್ತು, 1971ರಿಂದ 83ರವರೆಗೆ. ಫೈನಲ್‌ಗೆ ಬಂದ ಮಕ್ಕಳು ಸ್ಟೇಜ್ ಮೇಲೆ ನಿಂತಿರ್ತಾರೆ, ಎದುರಿಗೆ ರೆಕಾರ್ಡ್ ಕಂಪನಿ, ಏಜೆನ್ಸಿಗಳ ಜನ ಕೂತಿರ್ತಾರೆ, ಯಾರಿಗೆ ಬೇಕೋ ಅವರು ತಮ್ಮ ಕಂಪನಿ ಹೆಸರಿನ ಬೋರ್ಡ್ ಎತ್ತಿ ಹಿಡೀತಾರೆ. ಯಾರೂ ಬೋರ್ಡ್ ಎತ್ತಲಿಲ್ಲ ಅಂದ್ರೆ ಅಷ್ಟೇ, ಮನೆಗೆ ಹೋಗು. ಕೊಯಿಜುಮಿ ಬಂದಿದ್ದು ಅಲ್ಲಿಂದಲೇ, ಅದೇ ಕಾಲದ ಇನ್ನೊಬ್ಬ ದೊಡ್ಡ ಐಡಲ್ ನಾಕಾಮೊರಿ ಅಕಿನಾ ಬಂದಿದ್ದೂ ಅಲ್ಲಿಂದಲೇ. ಎತ್ಕೊಂಡ ಮೇಲೆ ಏನು ಹಾಡ್ಬೇಕು, ಏನು ಹಾಕ್ಕೋಬೇಕು, ಇಂಟರ್‌ವ್ಯೂನಲ್ಲಿ ಏನು ಹೇಳ್ಬೇಕು ಎಲ್ಲಾ ಆಫೀಸಿನ ಲೆಕ್ಕ. ಮೂರು ತಿಂಗಳಿಗೊಂದು ಸಿಂಗಲ್, ವಾರಾ ವಾರಾ ಟೀವಿ. ಟಿಬಿಎಸ್ ಚಾನೆಲ್‌ನ ವಾರದ ಟಾಪ್ ಹತ್ತು ಹಾಡುಗಳ ಕಾರ್ಯಕ್ರಮ ಆಗ ಇಡೀ ದೇಶ ನೋಡೋದು, ಅದನ್ನ ನಡೆಸಿಕೊಡ್ತಿದ್ದೋರು ಕುರೊಯಾನಗಿ ತೆತ್ಸುಕೊ. ಹೌದು, ನಾವೆಲ್ಲ ಕನ್ನಡದಲ್ಲಿ ಓದಿರೋ 'ತೊತ್ತೋಚಾನ್' ಬರೆದೋರೇ. ನಿಮ್ಮ ಲೇಖನ ಓದೋ ಕನ್ನಡದೋರಿಗೆ ಆ ಕಾಲದ ಜಪಾನಿ ಟೀವಿಗೆ ಇದಕ್ಕಿಂತ ಒಳ್ಳೇ ಬಾಗಿಲು ಸಿಗಲ್ಲ, ನೀವು ಅದನ್ನ ಮುಚ್ಚೇ ಇಟ್ಟಿದೀರ.

ಈಗ ಮುಖ್ಯ ಜಗಳಕ್ಕೆ ಬರ್ತೀನಿ. ಪೊರೆ ಕಳಚಿದ್ರು ಅನ್ನೋದು ಸುಳ್ಳು. ನಿಮ್ಮ ಲೇಖನದ ಪ್ರಕಾರ 90ರ ದಶಕದವರೆಗೆ ಹಾಡು, ಆಮೇಲೆ ನಟನೆ. ಆದ್ರೆ 1985ರ ಜನವರಿಯಲ್ಲೇ ಟಿಬಿಎಸ್‌ನಲ್ಲಿ ಪಿಯಾನೊ ಕಲಿಯೋ ಬಡ ಹುಡುಗಿ ಆಗಿ ಒಂದು ಸೀರಿಯಲ್‌ಗೆ ನಾಯಕಿ ಇವ್ರು. ಅದೇ ವರ್ಷ ನವೆಂಬರಲ್ಲಿ 'ನಾಂತೆತ್ತಾತ್ತೆ ಐಡಲ್' ಅನ್ನೋ ಹಾಡು ಬರತ್ತೆ, ಐಡಲ್ ಆಗಿರೋಳೇ ನಿಂತ್ಕೊಂಡು ಐಡಲ್ ಆಗಿರೋದು ಎಷ್ಟು ಮಜಾ, ನಾನಂತೂ ಇದನ್ನ ಬಿಡಲ್ಲ ಅಂತ ಕಣ್ಣು ಹೊಡೆದು ಹಾಡೋ ಹಾಡು. ಸಾಹಿತ್ಯ ಅಕಿಮೊತೊ ಯಾಸುಶಿ, ಮುಂದೆ 2005ರಲ್ಲಿ ಎಕೆಬಿ48 ಅನ್ನೋ ಹುಡುಗೀರ ದೊಡ್ಡ ಐಡಲ್ ತಂಡ ಕಟ್ಟಿದ್ದು ಇದೇ ಮನುಷ್ಯ. ಇದನ್ನ ನೀವು 'ಮೋಜಿನ ಗೀತೆ' ಅಂತ ಬರ್ದು ಮುಂದೆ ಹೋಗಿದೀರ. ಸ್ವಾಮಿ, ಇಡೀ ಕಥೆ ಅಲ್ಲಿದೆ! ಹತ್ತೊಂಬತ್ತು ವರ್ಷಕ್ಕೇ ತನ್ನ ಕೆಲಸವನ್ನೇ ಒಂದು ಪಾತ್ರ ಮಾಡ್ಕೊಂಡು ಅದರೊಳಗೆ ನಿಂತು ಹಾಡ್ತಿದಾರೆ ಅಂದ್ರೆ ಅದು ನಟನೆ ಅಲ್ದೆ ಇನ್ನೇನು.

ಇದನ್ನ ತೋರಿಸಕ್ಕೆ 70ರ ದಶಕದ ದೊಡ್ಡ ಐಡಲ್ ಯಾಮಗುಚಿ ಮೊಮೊಎ ಅವ್ರನ್ನ ಪಕ್ಕದಲ್ಲಿ ನಿಲ್ಲಿಸಿ ನೋಡಿ. ಅವ್ರೂ 'ಸ್ಟಾರ್ ತಾಂಜೋ'ದಿಂದಲೇ ಬಂದೋರು, 1980ರ ಅಕ್ಟೋಬರಲ್ಲಿ ಟೋಕಿಯೋದ ದೊಡ್ಡ ಸಭಾಂಗಣ ಬುದೊಕಾನ್‌ನಲ್ಲಿ ಕೊನೇ ಕಾರ್ಯಕ್ರಮ ಮಾಡಿ, ಮೈಕ್ ಸ್ಟೇಜ್ ಮೇಲೆ ಇಟ್ಟು ಹೊರಟು ಹೋದ್ರು, ಆಗ ವಯಸ್ಸು 21, ಮದುವೆ ಆದ್ರು, ವಾಪಸ್ ಬರಲೇ ಇಲ್ಲ. ಅದು ಕಳಚೋದು. ಕೊಯಿಜುಮಿ ಮೈಕ್ ಇಡಲಿಲ್ಲ. 1991ರಲ್ಲಿ ತಂದೆ ಮಗಳ ಸೀರಿಯಲ್‌ನಲ್ಲಿ ಮಗಳಾಗಿ ನಟಿಸ್ತಾ ಅದರ ಟೈಟಲ್ ಹಾಡಿಗೆ ತಾವೇ ಸಾಹಿತ್ಯ ಬರ್ದು ಹಾಡಿದ್ರು, ಹತ್ತು ಲಕ್ಷದ ಮೇಲೆ ಮಾರಾಟ ಆಯ್ತು. ಹಾಡೋದು, ನಟಿಸೋದು, ಬರಿಯೋದು ಮೂರೂ ಒಂದೇ ಕೆಲಸದೊಳಗೆ ಇದೆ ಅಲ್ಲಿ, ನೀವು ಎಲ್ಲಿ ಗೋಡೆ ಕಟ್ತೀರ?

ಇನ್ನು ಸಿನಿಮಾ ಭಾಗ. ಇಲ್ಲಿ ನಿಮ್ಮ ಹತ್ರ ಇರೋ ಪದಗಳು 'ಮನೋಜ್ಞ', 'ಅಮೋಘ', 'ಪರಕಾಯ ಪ್ರವೇಶ'. ನನಗೆ ಡೌಟು, ನೀವು ಸಿನಿಮಾ ನೋಡಿ ಬರೆದಿದ್ದೋ ಅಥವಾ ಯಾರೋ ಹೊಗಳಿದ್ದನ್ನ ಓದಿ ಬರೆದಿದ್ದೋ ಅಂತ. ಅವ್ರು ಪರದೆ ಮೇಲೆ ಏನು ಮಾಡ್ತಾರೆ ಅದನ್ನ ಬರೀರಿ. 2005ರ 'ಕೂಚೂ ತೇಯೆನ್' ತಗೊಳಿ, ಜಪಾನಿನ ಬ್ಲೂ ರಿಬನ್ ಸಿನಿಮಾ ಪ್ರಶಸ್ತಿಯ ಬೆಸ್ಟ್ ಆಕ್ಟ್ರೆಸ್ ಬಂದಿದ್ದು ಅದಕ್ಕೆ. ಮನೇಲಿ ಯಾರೂ ಯಾರಿಂದಾನೂ ಏನೂ ಮುಚ್ಚಿಡಬಾರದು ಅಂತ ರೂಲ್ ಮಾಡಿರೋ ಗೃಹಿಣಿ, ಬಾಲ್ಕನಿ ತುಂಬ ಗಿಡ, ಮುಖದ ಮೇಲೆ ಸದಾ ನಗು. ಆ ನಗು ನೋಡ್ತಾ ನೋಡ್ತಾ ಹೆದರಿಕೆ ಆಗತ್ತೆ. ಹದಿನಾರಕ್ಕೇ ಕ್ಯಾಮೆರಾ ಎದುರಿಗೆ ನಗು ಹಿಡ್ಕೊಂಡು ನಿಲ್ಲೋದನ್ನ ಕೆಲಸವಾಗಿ ಕಲಿತಿದ್ದೋರು ಇವ್ರು, ಆ ನಗುವನ್ನ ಎಷ್ಟು ಹೊತ್ತು ಎಳೆದ್ರೆ ಅದು ಹರಿಯತ್ತೆ ಅಂತ ಅವ್ರಿಗೆ ಗೊತ್ತು, ಇದು ನನ್ನ ಓದು, ನೀವು ಒಪ್ಪಲೇಬೇಕು ಅಂತಿಲ್ಲ. ಆದ್ರೆ ಇಂಥದ್ದೇನಾದ್ರೂ ಒಂದು ನೀವೂ ಹೇಳ್ಬೇಕು.

ಹಾಗೇ ಕುರೊಸಾವಾ ಕಿಯೋಶಿ ಅವ್ರ 'ಟೋಕಿಯೋ ಸೊನಾಟಾ'. ಮೊದ್ಲು ಒಂದು ತಪ್ಪು ತಿದ್ಕೊಳಿ, 2008ರಲ್ಲಿ ಕ್ಯಾನ್ ಚಿತ್ರೋತ್ಸವದಲ್ಲಿ ಅದಕ್ಕೆ ಬಂದಿದ್ದು ಅಲ್ಲಿನ ಅತಿ ದೊಡ್ಡ ಪ್ರಶಸ್ತಿ ಪಾಮ್ ಡಿ'ಓರ್ ಅಲ್ಲ, ಅನ್ ಸರ್ಟನ್ ರಿಗಾರ್ಡ್ ವಿಭಾಗದ ಜ್ಯೂರಿ ಪ್ರೈಜ್. ಮತ್ತೆ ಈ ಕಿಯೋಶಿ ಅವ್ರು ಅಕಿರಾ ಕುರೊಸಾವಾ ಅವ್ರ ಮಗ ಅಲ್ಲ, ಸಂಬಂಧಾನೇ ಇಲ್ಲ, ಅದನ್ನೂ ತೆಗೀರಿ. ಸಿನಿಮಾದಲ್ಲಿ ಗಂಡ ಕೆಲಸ ಕಳ್ಕೊಂಡು ಮನೇಲಿ ಹೇಳದೆ ದಿನಾ ಟೈ ಕಟ್ಕೊಂಡು ಹೊರಡ್ತಾನೆ, ಕೊಯಿಜುಮಿ ಹೆಂಡ್ತಿ. ನೀವು ಗಂಡನ ಕಥೇನೇ ಒಂದೂವರೆ ಪುಟ ಹೇಳಿದೀರ. ಹೆಂಡ್ತಿ ಸೋಫಾ ಮೇಲೆ ಮಲಗಿದ್ದೋರು ಎರಡೂ ಕೈ ಮೇಲಕ್ಕೆ ಚಾಚಿ ಯಾರಾದ್ರೂ ನನ್ನ ಎಳೆದು ಎಬ್ಬಿಸಿ ಅಂತಾರಲ್ಲ, ಎಬ್ಬಿಸೋಕೆ ಅಲ್ಲಿ ಯಾರೂ ಇರಲ್ಲ, ಕೈ ಹಾಗೇ ಗಾಳಿಯಲ್ಲಿರತ್ತೆ, ಅದರ ಬಗ್ಗೆ ಒಂದಕ್ಷರ ಇಲ್ಲ. ಇಡೀ ಸಿನಿಮಾದಲ್ಲಿ ನಂಗೆ ನೆನಪಿರೋದೇ ಅದು. ಅಲ್ಲಿ ದೊಡ್ಡ ಡೈಲಾಗ್ ಇಲ್ಲ, ಅಳು ಇಲ್ಲ, ಪರಕಾಯ ಪ್ರವೇಶಾನೂ ಇಲ್ಲ.

'ಅಮಾಚಾನ್' ವಿಷಯದಲ್ಲಿ ಮಾತ್ರ ನಂಗೆ ನಿಜವಾಗ್ಲೂ ಸಿಟ್ಟು ಬಂತು, ಕ್ಷಮಿಸಿ. 'ಅಮಾಚಾನ್ ಎಂಬ ಜನಪ್ರಿಯ ಚಿತ್ರದಲ್ಲಿ ತಾಯಿಯ ಪಾತ್ರ' ಅಂತೆ! ಅದು ಚಿತ್ರ ಅಲ್ಲ, ಜಪಾನಿನ ಸಾರ್ವಜನಿಕ ಟೀವಿ ಎನ್‌ಎಚ್‌ಕೆಯ ಬೆಳಗಿನ ಸೀರಿಯಲ್, 2013ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ, ದಿನಕ್ಕೆ 15 ನಿಮಿಷ, 156 ಕಂತು. ಬರೆದೋರು ಕುದೊ ಕಾಂಕುರೊ. ಉತ್ತರದ ಇವಾತೆ ಕರಾವಳಿ, ಸಮುದ್ರಕ್ಕೆ ಮುಳುಗಿ ಚಿಪ್ಪು ಮೀನು ಎಲ್ಲಾ ಎತ್ತೋ ಹೆಂಗಸರ ಊರು. ಕೊಯಿಜುಮಿ ಮಾಡಿದ ಹರುಕೊ ಅನ್ನೋಳು 1984ರಲ್ಲಿ, ಊರಿಗೆ ರೈಲು ಬಂತು ಅಂತ ಎಲ್ಲರೂ ಸಂಭ್ರಮದಲ್ಲಿರೋವಾಗ ಅದೇ ಮೊದಲ ರೈಲು ಹತ್ತಿ ಐಡಲ್ ಆಗಕ್ಕೆ ಟೋಕಿಯೋಗೆ ಓಡಿ ಹೋಗ್ತಾಳೆ. ಆಗಲ್ಲ. ಒಬ್ಬ ಸ್ಟಾರ್ ನಟಿಗೆ ಶ್ರುತಿನೇ ಸೇರಲ್ಲ, ಅವಳ ಬದಲು ಹರುಕೊ ಹಾಡ್ತಾಳೆ, ರೆಕಾರ್ಡ್ ಹಿಟ್ ಆಗತ್ತೆ, ಇವಳ ಹೆಸರು ಎಲ್ಲೂ ಇಲ್ಲ. ಈಗ ಇದನ್ನ ನೋಡಿ, 1984 ಅಂದ್ರೆ ನಿಜವಾದ ಕೊಯಿಜುಮಿ ಮೊದಲ ಸಲ ನಂಬರ್ 1 ಆದ ವರ್ಷ. ಗೆದ್ದ ಐಡಲ್ ಕೈಯಲ್ಲಿ ಅದೇ ವರ್ಷ ಸೋತ ಐಡಲ್ ಪಾತ್ರ ಮಾಡ್ಸಿದಾರೆ. ಆ ಶ್ರುತಿ ಇಲ್ಲದ ನಟಿ ಪಾತ್ರ ಯಾರದ್ದು? ಯಾಕುಶಿಮಾರು ಹಿರೊಕೊ, 80ರ ದಶಕದಲ್ಲಿ ಸಿನಿಮಾ ಜೊತೆ ತಮ್ಮ ದನಿಯಿಂದಲೂ ಹೆಸರು ಮಾಡಿದೋರು. ಇದನ್ನ ನೋಡ್ತಿದ್ದ ನಲವತ್ತು ದಾಟಿದ ಜಪಾನಿಯರಿಗೆ ಬೆಳಿಗ್ಗೆ ತಿಂಡಿ ಗಂಟಲಲ್ಲಿ ಇಳಿದಿರಲ್ಲ. ಆ ಪಾತ್ರ ಕೊಯಿಜುಮಿ ಬಿಟ್ಟು, ಎಷ್ಟೇ ದೊಡ್ಡ ನಟಿ ಮಾಡಿದ್ರೂ ಇಷ್ಟು ತೂಕ ಬರ್ತಿರಲಿಲ್ಲ. ಐಡಲ್ ಅನ್ನೋದನ್ನ ಇವ್ರು ಕಳಚಿ ಎಸೆದಿಲ್ಲ, ಮನೇಲಿರೋ ಅಜ್ಜಿ ಸೀರೆ ಥರ ಬೇಕಾದಾಗೆಲ್ಲ ತೆಗೆದು ಉಟ್ಟಿದಾರೆ.

ಇನ್ನೊಂದು. ಆ ಸೀರಿಯಲ್‌ನಲ್ಲಿ ಮಗಳು ಐಡಲ್ ಆಗ್ತೀನಿ ಅಂದಾಗ ಹರುಕೊ ಮೊದ್ಲು ಕೆಂಡ ಆಗ್ತಾಳೆ, ಆಮೇಲೆ ತಾನೇ ಒಂದು ಏಜೆನ್ಸಿ ಶುರು ಮಾಡಿ ಮಗಳನ್ನ ನೋಡ್ಕೊತಾಳೆ. 2015ರಲ್ಲಿ ಕೊಯಿಜುಮಿ ನಿಜವಾಗಿ ತಮ್ಮದೇ ಕಂಪನಿ ಮಾಡಿದ್ರು, ನಾಟಕ ಪ್ರೊಡ್ಯೂಸ್ ಮಾಡಕ್ಕೆ ಶುರು ಮಾಡಿದ್ರು, 2018ರಲ್ಲಿ ಹದಿಹರೆಯದಿಂದ ಇದ್ದ ದೊಡ್ಡ ಏಜೆನ್ಸಿ ಬಿಟ್ಟು ಹೊರಗೆ ಬಂದ್ರು. ಸೀರಿಯಲ್ ನೋಡಿ ಹಾಗೆ ಮಾಡಿದ್ರು ಅಂತ ದಯವಿಟ್ಟು ಬರೀಬೇಡಿ, ಅದಕ್ಕೆ ಆಧಾರ ಇಲ್ಲ, ಎರಡನ್ನೂ ಪಕ್ಕಪಕ್ಕ ಇಡಿ ಸಾಕು, ಓದುಗ ದಡ್ಡ ಅಲ್ಲ. ಏಜೆನ್ಸಿ ಬಿಡೋದು ಜಪಾನ್‌ನಲ್ಲಿ ಸಣ್ಣ ಮಾತಲ್ಲ ಅಂತ ಒಂದು ಸಾಲು ಬೇಕು, ಮೊದಲಿಗೆ ಹೇಳಿದ ಬೋರ್ಡ್ ಎತ್ತೋ ಜನರ ಕಥೆ ಬರ್ದಿದ್ರೆ ಅದು ತಾನಾಗೇ ಅರ್ಥ ಆಗತ್ತೆ.

ಇದರ ಬದಲು ನೀವು ಕೊಟ್ಟಿರೋದು ಮದುವೆ, ಡೈವೋರ್ಸ್, ಆಮೇಲಿನ ಗಾಸಿಪ್ ಎರಡು ಪುಟ. ತೆಗೀರಿ. ಆ ಜಾಗದಲ್ಲಿ ಅವ್ರು ಬರಹಗಾರ್ತಿ ಅನ್ನೋದನ್ನ ಹಾಕಿ, ಅದು ನಿಮ್ಮ ಲೇಖನದಲ್ಲಿ ಇಲ್ವೇ ಇಲ್ಲ. 2005ರಿಂದ ಹತ್ತು ವರ್ಷ ಯೊಮಿಉರಿ ಪತ್ರಿಕೆಗೆ ಪುಸ್ತಕ ವಿಮರ್ಶೆ ಬರೆದಿದಾರೆ, 2017ರಲ್ಲಿ ಅವ್ರ ಪ್ರಬಂಧಗಳ ಪುಸ್ತಕಕ್ಕೆ ಕೊದಾನ್‌ಶಾ ಎಸ್ಸೆ ಪ್ರಶಸ್ತಿ ಬಂತು, ತಾವು ಐಡಲ್ ಆಗಿ ಟೋಕಿಯೋದ ಹರಾಜುಕುನಲ್ಲಿ ಬದುಕಿದ ದಿನಗಳ ಬಗ್ಗೆ ಬರೆದಿದ್ದು. ತನ್ನ ಬಗ್ಗೆ ತಾನೇ ಅಷ್ಟು ಚೆನ್ನಾಗಿ ಬರೆದಿರೋರ ಬಗ್ಗೆ ನೀವು 'ಅಮೋಘ' ಅಂತ ಬರೆದ್ರೆ ಹೇಗೆ ಹೇಳಿ. 2012ರಲ್ಲಿ ಶುರುವಾದ ಕಾಮಾಕುರಾ ಸೀರಿಯಲ್ ಬಗ್ಗೆ ನೀವು ಬರೆದ ಪ್ಯಾರಾ ಮಾತ್ರ ಹಾಗೇ ಇಟ್ಕೊಳಿ, 45ರ ಟೀವಿ ಪ್ರೊಡ್ಯೂಸರ್ ಪಾತ್ರ, 2025ರಲ್ಲಿ ಮತ್ತೆ ಬಂದಾಗ ಪಾತ್ರಕ್ಕೂ ಅವ್ರಿಗೂ ಅರವತ್ತರ ಹತ್ತಿರ. ಇಡೀ ಲೇಖನದಲ್ಲಿ ನೀವು ಕಣ್ಣಿಂದ ನೋಡಿ ಬರೆದಿದ್ದು ಅಂತ ಅನ್ಸಿದ್ದು ಅದೊಂದೇ ಪ್ಯಾರಾ, ಅಲ್ಲಿ ವಿಶೇಷಣಾನೂ ಇಲ್ಲ ನೋಡಿ.

ಭಾಷೆ ಬಗ್ಗೆ ಹೆಚ್ಚು ಹೇಳಲ್ಲ. ಹದಿನಾರು ವರ್ಷ ಇದ್ದಾಗ 'ಅವಳು', ಪ್ರಶಸ್ತಿ ಬಂದ ತಕ್ಷಣ 'ಅವರು' ಆಗಿದಾರೆ ನಿಮ್ಮ ಲೇಖನದಲ್ಲಿ, ಯಾವುದಾದ್ರೂ ಒಂದು ಇಟ್ಕೊಳಿ. ಹೆಸರನ್ನ ಮೂರು ಥರ ಬರ್ದಿದೀರ, ಅದನ್ನೂ ಸರಿ ಮಾಡಿ.

2000 ಪದದೊಳಗೆ ಮತ್ತೆ ಬರ್ದು ಕಳ್ಸಿ, ಅವಸರ ಇಲ್ಲ, ಮೊದ್ಲು ಆ ಎರಡು ಸಿನಿಮಾ ಕೂತು ನೋಡಿ. ನೆಟ್‌ನಿಂದ ಎತ್ತಿದ ಫೋಟೊ ಬೇಡ, ಹಕ್ಕಿನ ತಲೆನೋವು ನಮಗೆ ಬರತ್ತೆ, ಚಿತ್ರ ಇಲ್ಲಿ ನಾವೇ ಯಾರ ಕೈಲಾದ್ರೂ ಬರೆಸ್ತೀವಿ. ಮತ್ತೆ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳ್ಸಿ ಮಾರಾಯ್ರೆ, ಈ ಸಲ ನೀವು ಯಾವುದೋ ಹಳೇ ಫಾಂಟಲ್ಲಿ ಕಳಿಸಿ ಒತ್ತಕ್ಷರ ಎಲ್ಲಾ ಎಗರಿ ಹೋಗಿ, ಕ್ಯೋಕೊ ಯಾರು ಕೊಯಿಜುಮಿ ಯಾರು ಅಂತಾನೇ ನಮ್ಮ ಹುಡುಗರಿಗೆ ಗೊತ್ತಾಗದೆ ಹೋಯ್ತು.