ಎರಡು ಅಂಕದ ಸೇಡು

ಪ್ರಶ್ನೆ: ಮೇಡಂ, ನಾನೂ ನನ್ನ ಅಕ್ಕನೂ ಚೀನಾದ ‘ನಿರ್ವಾಣ ಇನ್ ಫೈರ್’ ಧಾರಾವಾಹಿಯನ್ನು 54 ಕಂತೂ ಬಿಡದೆ ನೋಡಿದೆವು. ಈಗ ಮನೆಯಲ್ಲಿ ಜಗಳ. ನಾಯಕ ಮೇ ಚಾಂಗ್‌ಸು ತನ್ನ ಸೇಡಿಗಾಗಿ ಗೆಳೆಯ ಜಿಂಗ್‌ರುಯಿಯ ಹುಟ್ಟುಹಬ್ಬವನ್ನೇ ಬಳಸಿಕೊಂಡ. ಪಾಪದ ಹುಡುಗ, ಒಂದೇ ರಾತ್ರಿಯಲ್ಲಿ ಮನೆಮಠ ಕಳೆದುಕೊಂಡ. ಇದು ಮೋಸ ಅಂತ ನಾನು. ಸತ್ತ 70,000 ಸೈನಿಕರ ಮುಂದೆ ಒಬ್ಬನ ಹುಟ್ಟುಹಬ್ಬ ಯಾವ ಲೆಕ್ಕ ಅಂತ ಅಕ್ಕ. ನೀವೇ ಹೇಳಿ.
ಒಬ್ಬ ಓದುಗಿ, ಚಿತ್ರದುರ್ಗ

ಉತ್ತರ: ತಂಗೀ, ಈ ಧಾರಾವಾಹಿಯನ್ನು ನನಗೆ ಹಚ್ಚಿದ್ದು ಮೊಮ್ಮಗಳು. 2015ರದ್ದಂತೆ. ಮೊದಲ ನಾಲ್ಕು ಕಂತು ಯಾರು ಯಾರ ಮಗ ಅಂತಲೇ ತಿಳಿಯಲಿಲ್ಲ. ಹಾಳೆಯ ಮೇಲೆ ವಂಶವೃಕ್ಷ ಬರೆದುಕೊಂಡು ಕೂತೆ. ಇತಿಹಾಸದ ಮೇಷ್ಟ್ರಿಗೆ ನಿವೃತ್ತಿ ಆದರೂ ಚಾಳಿ ಹೋಗುವುದಿಲ್ಲ ನೋಡಿ.

ನೋಡದವರಿಗೆ ಎರಡು ಮಾತು. ಶಿಯೆ ಯು, ಶಿಯಾ ಜಿಯಾಂಗ್ ಎಂಬ ಇಬ್ಬರು ಸೇರಿ ಒಂದು ಕಳ್ಳ ಪತ್ರ ಹುಟ್ಟಿಸುತ್ತಾರೆ. ಒಬ್ಬ ಸೇನಾನಿಯ ಕೈಬರಹವನ್ನೇ ನಕಲು ಮಾಡಿಸಿ, ಚಿಯಾನ್ ಸೇನೆ ದಂಗೆ ಏಳುತ್ತಿದೆ ಎಂದು ಬರೆಸುತ್ತಾರೆ. ಮೊದಲೇ ಅನುಮಾನದ ಚಕ್ರವರ್ತಿ ನಂಬಿಬಿಡುತ್ತಾನೆ. ಸೇನೆ ನಾಶವಾಗುತ್ತದೆ, ಹಿರಿಯ ರಾಜಕುಮಾರನಿಗೆ ವಿಷ ಕುಡಿಸುತ್ತಾರೆ. ಆ ಸೇನೆಯ ಸೇನಾಪತಿಯ ಮಗ ಲಿನ್ ಶು ಹೇಗೋ ಬದುಕಿಕೊಂಡು, ಮುಖವೂ ಹೆಸರೂ ಬದಲಾಗಿ, ಹನ್ನೆರಡು ವರ್ಷದ ಮೇಲೆ ಮೇ ಚಾಂಗ್‌ಸು ಆಗಿ ರಾಜಧಾನಿಗೆ ಬರುತ್ತಾನೆ. ಕೆಮ್ಮುತ್ತಾ, ಬೆಂಕಿ ಕಾಯಿಸುತ್ತಾ ಕೂತಿರುತ್ತಾನೆ. ಕತ್ತಿ ಎತ್ತುವ ಶಕ್ತಿಯೂ ಅವನಲ್ಲಿಲ್ಲ.

ಅವನಿಗೆ ಬೇಕಾದದ್ದು ಚಕ್ರವರ್ತಿಯ ತಲೆ ಅಲ್ಲ. ಹಳೇ ಕೇಸನ್ನು ತುಂಬಿದ ಸಭೆಯಲ್ಲಿ ಮತ್ತೆ ತೆರೆಯಬೇಕು, ಸತ್ತವರ ಹೆಸರಿಗೆ ಅಂಟಿದ ‘ದ್ರೋಹಿ’ ಅನ್ನುವ ಮಾತು ಅಳಿಸಬೇಕು. ಅಷ್ಟೇ. ನನಗೆ ಅವನು ಹಿಡಿಸಿದ್ದು ಇಲ್ಲಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಮ್ಮ ಕಡೆ ‘ಮುಯ್ಯಿ’ ಅನ್ನುವ ಮಾತು ಎರಡು ಕಡೆ ಬರುತ್ತದೆ ಅಲ್ವಾ? ಮದುವೆ ಮನೆಯಲ್ಲಿ ನೋಟ್‌ಬುಕ್ ಹಿಡಿದು ಯಾರು ಎಷ್ಟು ಮುಯ್ಯಿ ಮಾಡಿದರು ಅಂತ ಬರೆದಿಡುತ್ತೇವೆ, ಹಗೆ ತೀರಿಸುವುದಕ್ಕೂ ಮುಯ್ಯಿ ಅನ್ನುತ್ತೇವೆ. ಮದುವೆ ಮುಯ್ಯಿ ಕೊಟ್ಟವರ ಮನೆಗೇ ವಾಪಸ್ ಹೋಗುತ್ತದೆ. ಸೇಡಿನ ಮುಯ್ಯಿ ಹಾಗಲ್ಲ, ದಾರಿಯಲ್ಲಿ ಇನ್ಯಾರದೋ ಮನೆಗೆ ನುಗ್ಗುತ್ತದೆ.

ಜಿಂಗ್‌ರುಯಿಯ ಮನೆಗೆ ನುಗ್ಗಿದ್ದೂ ಹಾಗೇ. ಮೇ ಚಾಂಗ್‌ಸುವನ್ನು ಅತಿಥಿಯಾಗಿ ಮನೆಗೆ ಕರೆತಂದವನೇ ಅವನು. ಉಂಡ ಮನೆಯ ಜಂತೆ ಎಣಿಸುವುದು ಅನ್ನುತ್ತೇವಲ್ಲ, ಮೇ ಚಾಂಗ್‌ಸು ಮಾಡಿದ್ದು ಅದನ್ನೇ. ಹುಟ್ಟುಹಬ್ಬದ ಊಟಕ್ಕೆ ಯಾರನ್ನು ಕೂರಿಸಬೇಕು, ಯಾರು ವಾದ್ಯ ನುಡಿಸಬೇಕು, ಎಲ್ಲ ಅವನದೇ ಲೆಕ್ಕಾಚಾರ. ಆ ರಾತ್ರಿ ಜಿಂಗ್‌ರುಯಿಗೆ ತಿಳಿದದ್ದು ಏನು? ಅಪ್ಪ ಅಂದುಕೊಂಡಿದ್ದ ಶಿಯೆ ಯು ಅಪ್ಪ ಅಲ್ಲ, ಹಸುಗೂಸಾಗಿದ್ದಾಗ ತನ್ನನ್ನು ಕೊಲ್ಲಿಸಲು ಆಳು ಕಳಿಸಿದ್ದವನು.

ಅಲ್ಲಿ ಹೊರಬಿದ್ದ ಒಂದು ಮಾತೂ ಸುಳ್ಳಲ್ಲ. ಆದ್ದರಿಂದಲೇ ನಿಮ್ಮ ಜಗಳ ಬಗೆಹರಿಯುತ್ತಿಲ್ಲ. ಸುಳ್ಳು ಹೇಳಿ ಕೆಡಿಸಿದ್ದರೆ ಸುಲಭವಾಗಿ ಬೈಯಬಹುದಿತ್ತು.

ಈಗ ನನ್ನ ವಿಷಯ. ನಮ್ಮಪ್ಪ ದಾವಣಗೆರೆಯ ಒಂದು ಹತ್ತಿ ಮಿಲ್ಲಿನಲ್ಲಿ ಸ್ಟೋರು ನೋಡುತ್ತಿದ್ದರು. ಒಂದು ದಿನ ನೂಲಿನ ಬಂಡಲ್ ಕಡಿಮೆ ಬಂತು. ಅಲ್ಲಿನ ಗುಮಾಸ್ತರೊಬ್ಬರು ಅಪ್ಪನ ಹೆಸರಿನ ಮುಂದೆ ‘ಕಳವು’ ಅಂತ ಬರೆದರು. ಕೆಲಸ ಹೋಯಿತು. ಆಮೇಲೆ ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ ದುಡಿದರು. ಮೈಯೆಲ್ಲ ಹೊಗೆ ವಾಸನೆ. ಗುಮಾಸ್ತನ ಕೈ ಮುರೀತೀನಿ ಅಂತ ಅಣ್ಣ ಹೊರಟಾಗ ಅಪ್ಪ ಹೇಳಿದ್ದು ಇಷ್ಟೇ: “ಅವ್ನ ಕೈ ತಗಂಡು ನಾನೇನ್ ಮಾಡ್ಲಿ? ಆ ಬುಕ್ಕಿನಾಗೆ ಬರೆದಿದ್ದು ಹೊಡೆದು ಹಾಕ್ಲಿ, ಸಾಕು.” ಯಾರೂ ಹೊಡೆದು ಹಾಕಲಿಲ್ಲ. ಅಪ್ಪ ಹೋದರು. ಆಮೇಲೆ ಮಿಲ್ಲೇ ಮುಚ್ಚಿತು.

ಅದಾಗಿ ಎಷ್ಟೋ ವರ್ಷಕ್ಕೆ ಆ ಗುಮಾಸ್ತರ ಮಗ ನನ್ನ ಒಂಬತ್ತನೇ ತರಗತಿಗೆ ಬಂದ. ಹಿಂದಿನ ಬೆಂಚಿನ ಸುಮ್ಮನೆ ಇರುವ ಹುಡುಗ. ವಾರ್ಷಿಕ ಪರೀಕ್ಷೆಯಲ್ಲಿ ಇತಿಹಾಸಕ್ಕೆ 33 ಬಂತು. ಪಾಸಾಗಲು 35 ಬೇಕು. ಒಂದೆರಡು ಅಂಕಕ್ಕೆ ನಿಂತ ಮಕ್ಕಳನ್ನು ನಾನು ಯಾವಾಗಲೂ ದಾಟಿಸುತ್ತಿದ್ದೆ. ಆ ವರ್ಷವೂ ಮೂವರನ್ನು ದಾಟಿಸಿದೆ. ಇವನ ಹೆಸರು ಬಂದಾಗ ಕೆಂಪು ಪೆನ್ನಿನ ಮುಚ್ಚಳ ಹಾಕಿದೆ. 33 ಅವನೇ ತೆಗೆದ ಅಂಕ, ನಾನು ಸುಳ್ಳು ಬರೆಯಲಿಲ್ಲವಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಹುಡುಗ ನಪಾಸಾದ, ಮುಂದಿನ ವರ್ಷ ಶಾಲೆಗೇ ಬರಲಿಲ್ಲ.

ಹಾಗಾಗಿ ತಂಗೀ, ಮೇ ಚಾಂಗ್‌ಸು ಮಾಡಿದ್ದು ಮೋಸ ಅಂತ ನೀವು ಹೇಳಿದರೆ ನಾನು ಇಲ್ಲ ಅನ್ನಲಾರೆ. ನಿಮ್ಮ ಅಕ್ಕ ಹೇಳುವುದೂ ತಪ್ಪಲ್ಲ, ಶಿಯೆ ಯುವನ್ನು ಕೆಡವದೆ ಆ ಕೇಸು ತೆರೆಯುತ್ತಲೇ ಇರಲಿಲ್ಲ. ಆದರೆ 70,000 ಅನ್ನುವ ಲೆಕ್ಕ ಜಿಂಗ್‌ರುಯಿಯ ಮುಂದೆ ನಿಂತು ಹೇಳುವಂಥದ್ದಲ್ಲ. ಮೇ ಚಾಂಗ್‌ಸು ಹೇಳುವುದೂ ಇಲ್ಲ. ಊರಾಚೆಯ ಮಂಟಪದಲ್ಲಿ ಇಬ್ಬರೂ ಸಿಗುತ್ತಾರಲ್ಲ, ಆ ದೃಶ್ಯ ಮತ್ತೊಮ್ಮೆ ನೋಡಿ. ನೀನು ನಿನಗೆ ಮುಖ್ಯ ಅನ್ನಿಸಿದ್ದನ್ನು ಹಿಡಿದೆ, ನನ್ನನ್ನು ಬಿಟ್ಟೆ, ಅದಕ್ಕಾಗಿ ದ್ವೇಷ ಮಾಡಲಾರೆ ಅನ್ನುತ್ತಾನೆ ಜಿಂಗ್‌ರುಯಿ. ಹಾಗೆ ಹೇಳುವ ಹಕ್ಕು ಅವನೊಬ್ಬನಿಗೇ ಇತ್ತು. ಅವನ ಪರವಾಗಿ ನಿಮ್ಮ ಅಕ್ಕ ಹೇಳಿದರೆ ಅದು ನಡೆಯುವುದಿಲ್ಲ.

ನನ್ನ ಹುಡುಗನಿಗೆ ಆ ಅವಕಾಶವನ್ನೇ ನಾನು ಕೊಟ್ಟಿಲ್ಲ. ಈಗ ಹಳೇ ಬಸ್ ಸ್ಟ್ಯಾಂಡ್ ಕಡೆ ಮಂಡಕ್ಕಿ, ಮೆಣಸಿನಕಾಯಿ ಗಾಡಿ ಇಟ್ಟಿದ್ದಾನೆ. ತಲೆ ನರೆತಿದೆ. ಕಂಡಾಗೆಲ್ಲ ಕೈ ಒರೆಸಿಕೊಂಡು “ನಮಸ್ಕಾರ ಮೇಡಂ” ಅನ್ನುತ್ತಾನೆ, ದುಡ್ಡು ಬೇಡ ಅನ್ನುತ್ತಾನೆ. ನಾನು ತಟ್ಟೆ ಪಕ್ಕ ನೋಟು ಇಟ್ಟು ಬರುತ್ತೇನೆ. ಇನ್ನೂ ಹೇಳಿಲ್ಲ.

ಪ್ರಶ್ನೆ: ಅದೇ ಪತ್ರದಲ್ಲಿ ಇನ್ನೊಂದು. ಇದು ನಿಜವಾಗಿ ನಡೆದ ಕಥೆಯಾ?
ಉತ್ತರ: ಅಲ್ಲ, ಕಟ್ಟು ಕಥೆ. ಆದರೆ ಕಥೆ ನಡೆಯುವ ಲಿಯಾಂಗ್ ಅನ್ನುವ ರಾಜ್ಯ ನಿಜವಾಗಿ ಇತ್ತು, 502ರಿಂದ 557ರವರೆಗೆ. ಅರಸರ ಮನೆತನದ ಹೆಸರೂ ಧಾರಾವಾಹಿಯಲ್ಲಿ ಇರುವಂತೆ ಶಿಯಾವೊ. ರಾಜಧಾನಿ ಇವತ್ತಿನ ನಾನ್‌ಜಿಂಗ್ ಇರುವ ಜಾಗ. ಧಾರಾವಾಹಿಯ ರಾಜಧಾನಿ ಜಿನ್‌ಲಿಂಗ್ ಕೂಡ ಆ ಊರಿನ ಹಳೇ ಹೆಸರೇ. ಅದೇ ಕಾಲದಲ್ಲಿ, 543ರಲ್ಲಿ, ಇಲ್ಲಿ ಒಂದನೇ ಪುಲಿಕೇಶಿ ಬಾದಾಮಿಯಲ್ಲಿ ಕೋಟೆ ಕಟ್ಟಿಸಿದ. ಚೀನಾ ಅಂದರೆ ಎಲ್ಲೋ ದೂರ ಅಂದುಕೊಳ್ಳಬೇಡಿ. ನಿಮ್ಮೂರಿನ ಚಂದ್ರವಳ್ಳಿಯಲ್ಲೇ ರೋಮನ್ ನಾಣ್ಯಗಳು ಸಿಕ್ಕಿವೆ, ಚೀನಾದ ಹಳೇ ನಾಣ್ಯವೂ ಸಿಕ್ಕಿದೆ. ಮಯೂರನ ಕೆರೆ ಶಾಸನ ಇರುವುದೂ ಅಲ್ಲೇ. ಒಂದು ಭಾನುವಾರ ಅಕ್ಕನನ್ನು ಕರೆದುಕೊಂಡು ಹೋಗಿ. ಜಗಳವನ್ನು ಕೆರೆ ದಂಡೆ ಮೇಲೆ ಮುಂದುವರಿಸಬಹುದು.